ಬಿಡುಗಡೆ ಆದ ಮೇಲಿನ ಕೆಲಸ

‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಇಪ್ಪತ್ತು ವರ್ಷ ಹಳೆಯ ಫೈಲೊಂದನ್ನು ಇವತ್ತಿನ ಫೋನಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಇರಬೇಕಾದ ಜಾಗದಲ್ಲಿ ಏಳು ಚಿಹ್ನೆಗಳು ಕಾಣುತ್ತವೆ. ಮೊದಲು ಇಂಗ್ಲಿಷಿನ ದೊಡ್ಡ ‘ಪಿ’, ಅದರ ಬೆನ್ನಿಗೆ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಆಮೇಲೆ ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಓರೆಗೆರೆಯ ‘ಎ’, ಜರ್ಮನ್ನರು ಬಳಸುವ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಓರೆಗೆರೆಯ ‘ಎ’. ಡಿಟಿಪಿ ಕೆಲಸದಲ್ಲಿ ಪಳಗಿದವರಿಗೆ ಇದರ ಒಳಗುಟ್ಟು ಗೊತ್ತು. ದೊಡ್ಡ ‘ಪಿ’ ಅಂದರೆ ತಲೆಕಟ್ಟಿಲ್ಲದ ಕಕಾರದ ಒಡಲು. ಓರೆಗೆರೆಯ ‘ಎ’ ಅಂದರೆ ತಲೆಕಟ್ಟು. ಪೌಂಡ್ ಗುರುತು ನಕಾರದ ಒಡಲು, ಜೋಡಿ ‘ಎಸ್’ ನಕಾರದ ಒತ್ತು. ಉಳಿದವರ ಕಣ್ಣಿಗೆ ಅದು ಬರೀ ಕಸ.

ಆ ಫೈಲು ಕೆಟ್ಟಿಲ್ಲ, ಅದಕ್ಕೆ ವೈರಸ್ ಬಡಿದಿಲ್ಲ. ಟೈಪು ಮಾಡಿದ ದಿನ ಹೇಗಿತ್ತೋ ಇವತ್ತೂ ಹಾಗೇ ಇದೆ, ಒಂದು ಚುಕ್ಕಿಯೂ ಅತ್ತಿತ್ತ ಆಗಿಲ್ಲ. ಹಾಗಿದ್ದೂ ಓದಲು ಬರುವುದಿಲ್ಲ. ತಂತ್ರಾಂಶ ಸಂಶೋಧಕರು ಅರ್ಧ ಶತಮಾನದಿಂದ ಬಿಡಿಸುತ್ತಾ ಬಂದಿರುವ ದೊಡ್ಡ ಒಗಟೊಂದು ಈ ಏಳು ಚಿಹ್ನೆಗಳಲ್ಲಿ ಅಡಗಿದೆ. ಕನ್ನಡದ ಮಟ್ಟಿಗೆ ಅದರ ಊರು ಬೆಂಗಳೂರಿನ ಚಾಮರಾಜಪೇಟೆ.

1990ರ ದಶಕದ ಕನ್ನಡ ಡಿಟಿಪಿ ಹೇಗಿತ್ತು ಎಂಬುದನ್ನು ಇಂದಿನ ಹುಡುಗರಿಗೆ ಹೇಳಬೇಕು. ಕಂಪ್ಯೂಟರು ಒಂದು ಅಕ್ಷರಕ್ಕೆ ಎಂಟು ಬಿಟ್ ಇಟ್ಟುಕೊಂಡಿತ್ತು. ಅಂದರೆ ಒಟ್ಟು 256 ಮನೆಗಳು. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಯುರೋಪಿನ ಇತರ ಭಾಷೆಗಳ ಗುರುತುಗಳು ಮೊದಲೇ ಕೂತಿದ್ದವು. ಕನ್ನಡಕ್ಕೆ ಬೇರೆ ಮನೆ ಇರಲಿಲ್ಲ. ಆದ್ದರಿಂದ ನಮ್ಮ ತಂತ್ರಜ್ಞರು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ಫಾಂಟು ಹಾಕಿದರೆ ‘ಪಿ’ ಎಂಬುದು ಕಕಾರದ ಒಡಲಾಗಿ ಕಾಣುತ್ತಿತ್ತು. ಫಾಂಟು ತೆಗೆದರೆ ‘ಪಿ’ಯೇ. ಪೂರ್ತಿ ಅಕ್ಷರಗಳನ್ನು ಕೂರಿಸಲು ಜಾಗ ಸಾಲದು. ಕಾಗುಣಿತ, ಒತ್ತು ಎಲ್ಲ ಸೇರಿದರೆ ಸಾವಿರಾರು ಆಗುತ್ತವೆ. ಹಾಗಾಗಿ ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ಬಿಡಿಸಿ, ತುಂಡು ತುಂಡಾಗಿ ಜೋಡಿಸುವ ಉಪಾಯ ಹುಡುಕಿದರು. ಇದ್ದ ಇಕ್ಕಟ್ಟಿನಲ್ಲಿ ಅದು ಜಾಣ ಕೆಲಸ. ಇವತ್ತು ಕೂತು ಹಗುರಾಗಿ ಮಾತಾಡುವುದು ಸರಿಯಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಪುಣೆಯ ‘ಶ್ರೀಲಿಪಿ’ಯ ಕ್ರಮ ಒಂದು, ಬೆಂಗಳೂರಿನಲ್ಲೇ ಹುಟ್ಟಿದ ‘ಆಕೃತಿ’ಯದು ಇನ್ನೊಂದು, ‘ಪ್ರಕಾಶಕ್’ನದು ಮತ್ತೊಂದು. ಒಂದು ಅಂಗಡಿಯಲ್ಲಿ ಟೈಪು ಮಾಡಿಸಿದ ಕಾದಂಬರಿಯ ಫ್ಲಾಪಿಯನ್ನು ಪಕ್ಕದ ರಸ್ತೆಯ ಅಂಗಡಿಗೆ ಒಯ್ದರೆ ಅಲ್ಲಿ ತೆರೆಯುತ್ತಿರಲಿಲ್ಲ. ಕೀಲಿಮಣೆಯ ವಿನ್ಯಾಸವೂ ಒಬ್ಬೊಬ್ಬರದು ಒಂದೊಂದು. ಕನ್ನಡ ಗಣಕ ಪರಿಷತ್ತು ಚಾಮರಾಜಪೇಟೆಯಲ್ಲಿ ಕೂತು ಮಾಡಿದ ದೊಡ್ಡ ಕೆಲಸ ಈ ಗೊಂದಲವನ್ನು ತಗ್ಗಿಸಿದ್ದು. ಯಾವ ತುಂಡು ಯಾವ ಮನೆಯಲ್ಲಿ ಕೂರಬೇಕು ಎಂಬುದಕ್ಕೆ ಒಂದು ಶಿಷ್ಟತೆ ಬಂತು. ಕೆ.ಪಿ. ರಾವ್ ಅವರು ರೂಪಿಸಿದ, ಉಲಿದಂತೆ ಒತ್ತುವ ಕೀಲಿಮಣೆ ಅಧಿಕೃತ ವಿನ್ಯಾಸಕ್ಕೆ ತಳಹದಿಯಾಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯ ಸರ್ಕಾರದ ಬೆಂಬಲದೊಂದಿಗೆ ‘ನುಡಿ’ ಉಚಿತವಾಗಿ ಜನರ ಕೈಗೆ ಬಂತು. 1998ರಿಂದಲೇ ಮನೆಮಾತಾಗಿದ್ದ ಶೇಷಾದ್ರಿವಾಸು ಅವರ ‘ಬರಹ’ವೂ ಅದೇ ಸಂಕೇತ ಕ್ರಮಕ್ಕೆ ಹೊಂದಿಕೊಂಡಿತು. ಫೈಲುಗಳು ಅಂಗಡಿಯಿಂದ ಅಂಗಡಿಗೆ, ಕಚೇರಿಯಿಂದ ಕಚೇರಿಗೆ ಓಡಾಡತೊಡಗಿದವು. ತಾಲ್ಲೂಕು ಕಚೇರಿಯ ಪತ್ರದಿಂದ ಹಿಡಿದು ಸಣ್ಣ ಪ್ರಕಾಶಕರ ಕವನ ಸಂಕಲನದ ತನಕ ಕನ್ನಡದ ಎಷ್ಟೋ ಬರವಣಿಗೆ ಈ ದಾರಿಯಲ್ಲೇ ಅಚ್ಚಿಗೆ ಹೋಯಿತು.

ಅಷ್ಟರಲ್ಲಿ ಹೊರಗಿನ ಜಗತ್ತು ತನ್ನ ಪಾಡಿಗೆ ಮುಂದೆ ಸರಿಯುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಮನೆ ಕೊಡುವ ಯೂನಿಕೋಡ್ 1991ರಲ್ಲೇ ಪ್ರಕಟವಾಗಿತ್ತು. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿ ಮೀಸಲಾಗಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನ ಜೊತೆ ಯೂನಿಕೋಡ್ ಕನ್ನಡವನ್ನು ತೋರಿಸಿತು. ಆಮೇಲೆ ಅಂತರ್ಜಾಲದ ಹುಡುಕಾಟ ಬಂತು, ಕನ್ನಡ ವಿಕಿಪೀಡಿಯ ಬಂತು, ಕೈಗೆ ಸ್ಮಾರ್ಟ್‌ಫೋನ್ ಬಂತು. ಇವೆಲ್ಲ ಯೂನಿಕೋಡನ್ನೇ ನಂಬಿಕೊಂಡವು. ಹಳೆಯ ಕ್ರಮದ ಫೈಲಿನಲ್ಲಿ ಇರುವುದು, ಫೋನಿನ ಲೆಕ್ಕದಲ್ಲಿ, ಓರೆಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಮಾತ್ರ. ‘ಬಸವನಗುಡಿ’ ಎಂದು ಹುಡುಕಿದರೆ ಆ ಫೈಲಿನಲ್ಲಿ ನೂರು ಸಲ ಬಸವನಗುಡಿ ಇದ್ದರೂ ಒಂದೂ ಸಿಗುವುದಿಲ್ಲ. ಕುರುಡರಿಗೆ ಓದಿ ಹೇಳುವ ತಂತ್ರಾಂಶ ಅದನ್ನು ಓದಲಾರದು. ಯಂತ್ರಾನುವಾದಕ್ಕೂ ದಕ್ಕುವುದಿಲ್ಲ.

ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೆಯರ್ ಲೇಮನ್ ಇದಕ್ಕೆ ಒಂದು ನಿಯಮವನ್ನೇ ಬರೆದರು. 1960ರ ದಶಕದ ಕೊನೆಯಲ್ಲಿ ಅವರು ಐಬಿಎಂನಲ್ಲಿದ್ದಾಗ, ಆ ಕಂಪನಿಯ ಒಎಸ್/360 ಎಂಬ ಭಾರಿ ತಂತ್ರಾಂಶ ಆವೃತ್ತಿಯಿಂದ ಆವೃತ್ತಿಗೆ ಹೇಗೆ ಬೆಳೆಯುತ್ತಿದೆ ಎಂಬುದರ ಲೆಕ್ಕ ಇಟ್ಟರು. ಲಾಜ್ಲೋ ಬೆಲಾಡಿ ಅವರ ಜೊತೆಗಾರ. ಆ ಲೆಕ್ಕದಿಂದ ಹೊರಟ ಮೊದಲ ನಿಯಮಗಳು 1974ರಲ್ಲಿ ಬಂದವು. ಮುಂದೆ ಅವು ಎಂಟಾದವು. ನಮಗೆ ಮೊದಲ ಎರಡು ಸಾಕು. ಜನಜೀವನದೊಳಗೆ ಹೊಕ್ಕು ಕೆಲಸ ಮಾಡುವ ತಂತ್ರಾಂಶ ಬದಲಾಗುತ್ತಲೇ ಇರಬೇಕು, ಇಲ್ಲದಿದ್ದರೆ ದಿನೇ ದಿನೇ ನಿರುಪಯೋಗಿ ಆಗುತ್ತದೆ ಎನ್ನುವುದು ಮೊದಲನೆಯದು. ಬದಲಾಯಿಸುತ್ತಾ ಹೋದಂತೆ ಅದರ ಒಳಗಿನ ಸಿಕ್ಕು ಹೆಚ್ಚುತ್ತದೆ, ಆ ಸಿಕ್ಕು ಬಿಡಿಸುವುದಕ್ಕೇ ಬೇರೆ ಕೆಲಸ ಮಾಡಬೇಕು ಎನ್ನುವುದು ಎರಡನೆಯದು.

ಎಲ್ಲ ತಂತ್ರಾಂಶಕ್ಕೂ ಈ ಮಾತು ಅನ್ವಯಿಸುವುದಿಲ್ಲ ಎಂದೂ ಲೇಮನ್ ಹೇಳಿದರು. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ ಹುಡುಕುವ ಪ್ರೋಗ್ರಾಮು ಇಂದೂ ಸರಿ, ಸಾವಿರ ವರ್ಷದ ನಂತರವೂ ಸರಿ. ಆದರೆ ಬ್ಯಾಂಕಿನ ಲೆಕ್ಕ, ಪಹಣಿ, ಕನ್ನಡದ ಅಕ್ಷರ ಜೋಡಣೆ — ಇವು ಜಗತ್ತಿನ ಜೊತೆ ಹೆಣೆದುಕೊಂಡವು. ಬಸವನಗುಡಿಯ ಹಳೆಯ ಹೆಂಚಿನ ಮನೆ ಮಳೆಗೆ, ಗೆದ್ದಲಿಗೆ ಸವೆಯುತ್ತದೆ. ಸವೆದದ್ದು ಕಣ್ಣಿಗೆ ಕಾಣುತ್ತದೆ, ಮನೆಯವರು ಹೆಂಚು ಬದಲಿಸುತ್ತಾರೆ. ತಂತ್ರಾಂಶಕ್ಕೆ ಗೆದ್ದಲು ಹಿಡಿಯುವುದಿಲ್ಲ. ಅದು ನಿಂತಲ್ಲೇ ನಿಂತಿರುತ್ತದೆ, ಸುತ್ತಲಿನ ನೆಲ ಸರಿಯುತ್ತದೆ. ಹಾಗಾಗಿ ಹಾಳಾಗುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನ ಹೊಸ ಕಂಪ್ಯೂಟರು ಕೊಂಡಾಗ ಗೊತ್ತಾಗುತ್ತದೆ.

ಹೀಗೆ ಬಿಡುಗಡೆಯ ನಂತರ ನಡೆಯುವ ಕೆಲಸದಲ್ಲಿ ಏನೇನಿದೆ? ಬರ್ಟನ್ ಸ್ವಾನ್ಸನ್ ಎಂಬ ಅಮೆರಿಕದ ಪ್ರಾಧ್ಯಾಪಕರು 1976ರಲ್ಲಿ ಅದನ್ನು ಮೂರಾಗಿ ವಿಂಗಡಿಸಿದರು: ತಪ್ಪು ತಿದ್ದುವುದು, ಸುತ್ತಲಿನ ಬದಲಾವಣೆಗೆ ಹೊಂದಿಸುವುದು, ಬಳಸುವವರ ಬೇಡಿಕೆಗೆ ತಕ್ಕಂತೆ ಉತ್ತಮಗೊಳಿಸುವುದು. ಆಮೇಲೆ ಅವರೂ ಬೆನೆಟ್ ಲೀಂಟ್ಸ್ ಅವರೂ ಸೇರಿ 487 ಸಂಸ್ಥೆಗಳನ್ನು ಸಮೀಕ್ಷೆ ಮಾಡಿ 1980ರಲ್ಲಿ ಪುಸ್ತಕ ಬರೆದರು. ಆ ಸಂಸ್ಥೆಗಳಲ್ಲಿ ತಂತ್ರಾಂಶದ ಸಿಬ್ಬಂದಿಯ ಹೆಚ್ಚುಕಡಿಮೆ ಅರ್ಧ ಸಮಯ ಹೊಸದನ್ನು ಬರೆಯುವುದಕ್ಕಲ್ಲ, ಇದ್ದದ್ದನ್ನು ನೋಡಿಕೊಳ್ಳುವುದಕ್ಕೇ ಹೋಗುತ್ತಿತ್ತು. ಅದರಲ್ಲೂ ತಪ್ಪು ತಿದ್ದುವುದಕ್ಕೆ ಖರ್ಚಾಗುತ್ತಿದ್ದದ್ದು ಸುಮಾರು ಐದನೇ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಹೊಂದಿಸುವುದು ಮತ್ತು ಬೆಳೆಸುವುದು. ದೊಡ್ಡ ಪಾಲು ಬಳಕೆದಾರರು ಕೇಳಿದ ಸುಧಾರಣೆಗಳದ್ದು.

ಈ ಐದನೇ ಒಂದು ಪಾಲಿನ ಲೆಕ್ಕ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮಲ್ಲಿ ತಂತ್ರಾಂಶದ ನಿರ್ವಹಣೆ ಅಂದರೆ ರಿಪೇರಿ ಎಂದೇ ಎಲ್ಲರ ಎಣಿಕೆ. ಕೆಟ್ಟರೆ ಕರೆಸೋಣ, ಕೆಡದಿದ್ದರೆ ಖರ್ಚು ಯಾಕೆ? ಸಾರ್ವಜನಿಕ ಹಣದಲ್ಲಿ ತಂತ್ರಾಂಶ ಮಾಡಿಸುವಾಗ ಈ ಎಣಿಕೆಯೇ ಟೆಂಡರಿನೊಳಗೆ ಕೂರುತ್ತದೆ. ಮಾಡಿಸುವುದಕ್ಕೆ ಹಣ, ಬಿಡುಗಡೆಗೆ ಸಮಾರಂಭ, ಆಮೇಲೆ ಒಂದಿಷ್ಟು ಕಾಲದ ವಾರಂಟಿ. ಮುಂದಿನ ಹತ್ತು ವರ್ಷ ಅದನ್ನು ವಿಂಡೋಸಿನ ಹೊಸ ಆವೃತ್ತಿಗೆ, ಹೊಸ ಫೋನಿಗೆ, ಹೊಸ ಶಿಷ್ಟತೆಗೆ ಹೊಂದಿಸುತ್ತಾ ಹೋಗುವವರು ಯಾರು, ಅವರ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗೆ ಕಡತದಲ್ಲಿ ಜಾಗವೇ ಇರುವುದಿಲ್ಲ. ಕನ್ನಡ ಗಣಕ ಪರಿಷತ್ತಿನವರು ಇಂಥ ಸ್ಥಿತಿಯಲ್ಲೂ ನುಡಿಯ ಹೊಸ ಆವೃತ್ತಿಗಳನ್ನು ತಂದರು, ಯೂನಿಕೋಡ್ ಸೌಲಭ್ಯ ಸೇರಿಸಿದರು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ತಲೆಕೆಡಿಸಿಕೊಂಡು ಓಡಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ‘ಕುವೆಂಪು’ ಹೆಸರಿನ ತಂತ್ರಾಂಶವೂ ಬಂತು. ಕಾಳಜಿ ಇದ್ದವರಿಗೆ ಕೊರತೆ ಇರಲಿಲ್ಲ. ಕಾಳಜಿಯನ್ನು ವರ್ಷ ವರ್ಷವೂ ನಡೆಯುವ ಕೆಲಸವಾಗಿ ಮಾರ್ಪಡಿಸುವ ಏರ್ಪಾಟಿಗೆ ಕೊರತೆ.

ಈ ಮಾತನ್ನು ಬೇರೆ ಊರಿನಲ್ಲಿ ಕೂತು ಬರೆದಿದ್ದರೆ ಇಷ್ಟು ಬೇಸರ ಆಗುತ್ತಿರಲಿಲ್ಲವೋ ಏನೋ. ಬೆಂಗಳೂರು ಬದುಕಿರುವುದೇ ಇಂಥ ಕೆಲಸದ ಮೇಲೆ. 1990ರ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿಗಳ ಎಷ್ಟೋ ಮನೆಗಳ ಮಕ್ಕಳು ಕಲಿತದ್ದು ಕೋಬಾಲ್. ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳು ದಶಕಗಳ ಹಿಂದೆ ಬರೆಸಿದ್ದ ಪ್ರೋಗ್ರಾಮುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 2000ನೇ ಇಸವಿ ಬಂದರೆ ಅದು 1900 ಆಗಿಬಿಡುವ ಭಯ. ಲಕ್ಷಗಟ್ಟಲೆ ಸಾಲು ಓದಿ, ಎಲ್ಲಿ ಎರಡು ಅಂಕಿ ಇದೆ ಎಂದು ಹುಡುಕಿ, ತಿದ್ದಿ, ಬೇರೇನೂ ಕೆಡಲಿಲ್ಲ ಎಂದು ಪರೀಕ್ಷಿಸಿ ಒಪ್ಪಿಸಿದರು. ಅದು ಅಪ್ಪಟ ನಿರ್ವಹಣೆಯ ಕೆಲಸ. ಈ ಊರಿನ ತಂತ್ರಾಂಶ ಉದ್ಯಮಕ್ಕೆ ಗಿರಾಕಿಗಳನ್ನೂ ನಂಬಿಕೆಯನ್ನೂ ತಂದುಕೊಟ್ಟದ್ದರಲ್ಲಿ ಅದರ ಪಾಲು ದೊಡ್ಡದು. ಆದರೂ ಮದುವೆ ಮಾತುಕತೆಯಲ್ಲಿ ‘ಹುಡುಗ ಡೆವಲಪ್‌ಮೆಂಟ್‌ನಲ್ಲಿದ್ದಾನೆ’ ಎನ್ನುವಾಗ ಇರುವ ದನಿ ‘ಸಪೋರ್ಟ್‌ನಲ್ಲಿದ್ದಾನೆ’ ಎನ್ನುವಾಗ ಸ್ವಲ್ಪ ತಗ್ಗುತ್ತದೆ. ರಾತ್ರಿ ಎರಡು ಗಂಟೆಗೆ ಫೋನು ಬಂದರೆ ಎದ್ದು, ಬೇರೆ ಯಾರೋ ಹದಿನೈದು ವರ್ಷದ ಹಿಂದೆ ಬರೆದ ಪ್ರೋಗ್ರಾಮಿನಲ್ಲಿ ಎಲ್ಲಿ ಎಡವಟ್ಟಾಗಿದೆ ಎಂದು ಅರ್ಧ ಗಂಟೆಯಲ್ಲಿ ಹಿಡಿಯುವವರ ಬುದ್ಧಿವಂತಿಕೆಗೆ ಆ ದನಿ ನ್ಯಾಯ ಮಾಡುವುದಿಲ್ಲ.

ಕೆಲಸದ ಕ್ರಮವನ್ನೇ ಸುಧಾರಿಸುವ ವಿದ್ಯೆಯಲ್ಲೂ ಈ ಊರು ಮುಂದಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ವಾಟ್ಸ್ ಹಂಫ್ರಿ ಮತ್ತು ಅವರ ಸಂಗಡಿಗರು ತಂತ್ರಾಂಶ ಸಂಸ್ಥೆಗಳ ಪಕ್ವತೆಯನ್ನು ಅಳೆಯಲು ಐದು ಮಟ್ಟದ ಒಂದು ಮಾದರಿ ರೂಪಿಸಿದರು. ಅದನ್ನು ಸಿಎಂಎಂ ಎನ್ನುತ್ತಾರೆ. ಒಂದನೇ ಮಟ್ಟದಲ್ಲಿ ಕೆಲಸ ಹೇಗೋ ನಡೆಯುತ್ತದೆ, ಒಬ್ಬಿಬ್ಬರ ಸಾಹಸದಿಂದ. ಮೇಲಿನ ಮಟ್ಟಗಳಿಗೆ ಹೋದಂತೆ ಕ್ರಮ ಬರೆದಿಡುವುದು, ಅಳೆಯುವುದು, ಅಳತೆಯಿಂದ ಕಲಿತು ಕ್ರಮವನ್ನೇ ತಿದ್ದಿಕೊಳ್ಳುವುದು. ಐದನೇ ಮಟ್ಟಕ್ಕೆ ಮೊದಲು ಏರಿದ್ದು ನಾಸಾದ ಬಾಹ್ಯಾಕಾಶ ನೌಕೆಗೆ ತಂತ್ರಾಂಶ ಬರೆಯುತ್ತಿದ್ದ ಹೂಸ್ಟನ್ನಿನ ಐಬಿಎಂ ತಂಡ. ಅದರ ಬೆನ್ನಿಗೇ, 1993ರಲ್ಲಿ, ಬೆಂಗಳೂರಿನ ಮೋಟೊರೋಲಾ ಇಂಡಿಯಾ ಎಲೆಕ್ಟ್ರಾನಿಕ್ಸ್. ಆಮೇಲೆ ಭಾರತದ ಕಂಪನಿಗಳು ಸಾಲುಗಟ್ಟಿ ಐದನೇ ಮಟ್ಟ ಮುಟ್ಟಿದವು. ಎಷ್ಟೋ ಕಡೆ ಅದು ಗೋಡೆಗೆ ತೂಗುಹಾಕುವ ಪ್ರಮಾಣಪತ್ರವಾಗಿ ಉಳಿಯಿತು ಎಂಬ ಟೀಕೆ ಇದೆ, ಅದರಲ್ಲಿ ಹುರುಳೂ ಇದೆ. ಹಾಗಿದ್ದರೂ ಬದಲಾವಣೆಗೆ ಬಂದ ಕೋರಿಕೆಯನ್ನು ದಾಖಲಿಸುವುದು, ತಿದ್ದಿದ್ದನ್ನು ಇನ್ನೊಬ್ಬರಿಂದ ಓದಿಸುವುದು, ಹಳೆಯ ಪರೀಕ್ಷೆಗಳನ್ನು ಮತ್ತೆ ಓಡಿಸಿ ನೋಡುವುದು — ಈ ಶಿಸ್ತು ಬೆಂಗಳೂರಿನ ಸಾವಿರಾರು ಕೈಗಳಿಗೆ ಹತ್ತಿತು. ಆ ಕೈಗಳಲ್ಲಿ ಬಹಳಷ್ಟು ಕನ್ನಡದ ಕೈಗಳು. ಅದೇ ಶಿಸ್ತು ಕನ್ನಡದ ತಂತ್ರಾಂಶಕ್ಕೆ ಸಿಗಬೇಕು ಎಂಬುದೇ ಈ ಅಂಕಣದ ಬೇಡಿಕೆ.

ಅದು ಎಷ್ಟು ಬೇಕಾಗಿದೆ ಎಂದು ತಿಳಿಯಲು ಹಳೆಯದೊಂದು ಡಿಟಿಪಿ ಅಂಗಡಿಯ ಒಳಗೆ ಹೋಗಬೇಕು. ಲೇಖಕರು ಬಂದರೆ ಆಪರೇಟರು ಕೇಳುವ ಮೊದಲ ಪ್ರಶ್ನೆಯೇ ‘ಸಾರ್, ಮ್ಯಾಟರ್ ನುಡೀಲಿದ್ಯಾ, ಯೂನಿಕೋಡಾ?’ ಎಂದು. ಲೇಖಕರು ಫೋನಿನಲ್ಲಿ ಟೈಪು ಮಾಡಿ ಕಳಿಸಿದ್ದು ಯೂನಿಕೋಡ್. ಅಂಗಡಿಯವರು ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ. ಪೇಜ್‌ಮೇಕರಿನ ಏಳನೇ ಆವೃತ್ತಿ ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಕಂಪನಿ ಅದನ್ನು ಬೆಳೆಸುವುದನ್ನೇ ಬಿಟ್ಟಿತು. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಹಾಗಾಗಿ ಯೂನಿಕೋಡಿನ ಲೇಖನವನ್ನು ಹಳೆಯ ಕ್ರಮಕ್ಕೆ ಇಳಿಸಿಕೊಳ್ಳುತ್ತಾರೆ, ಪುಟ ಕಟ್ಟುತ್ತಾರೆ, ಪ್ರೂಫ್ ತಿದ್ದುತ್ತಾರೆ, ಪಿಡಿಎಫ್ ಮಾಡಿ ಅಚ್ಚಿಗೆ ಕಳಿಸುತ್ತಾರೆ. ಇ-ಪುಸ್ತಕ ಮಾಡಬೇಕು ಎಂದು ಪ್ರಕಾಶಕರಿಗೆ ಆಮೇಲೆ ಮನಸ್ಸಾದರೆ ಅದೇ ಫೈಲನ್ನು ಮತ್ತೆ ಯೂನಿಕೋಡಿಗೆ ಏರಿಸಬೇಕು. ಇನ್‌ಡಿಸೈನ್ ತಂತ್ರಾಂಶ 2012ರ ಆವೃತ್ತಿಯಿಂದಲೇ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆಯಲ್ಲ, ಅದಕ್ಕೆ ಹೋಗಬಾರದೇ ಎಂದು ಕೇಳುವುದು ಸುಲಭ. ಹೊಸ ತಂತ್ರಾಂಶಕ್ಕೆ ವರ್ಷವರ್ಷವೂ ಹಣ ಕಟ್ಟಬೇಕು. ಕಂಪ್ಯೂಟರು ಬದಲಿಸಬೇಕು. ಕೈಗೆ ಕೂತ ಕೆಲಸವನ್ನು ಮರೆತು ಹೊಸದಾಗಿ ಕಲಿಯಬೇಕು. ಅಚ್ಚುಕಟ್ಟಾದ ಪುಸ್ತಕದ ಫಾಂಟುಗಳು ಹಳೆಯ ಕ್ರಮದಲ್ಲಿ ಇದ್ದಷ್ಟು ಬಗೆ ಯೂನಿಕೋಡಿನಲ್ಲಿ ಬಹುಕಾಲ ಇರಲಿಲ್ಲ. ಪುಟಕ್ಕೆ ಇಷ್ಟು ರೂಪಾಯಿ ಎಂದು ದುಡಿಯುವವರ ಮೇಲೆ ಇಷ್ಟೆಲ್ಲ ಖರ್ಚು ಹೊರಿಸಿ, ನೀವು ಹಿಂದುಳಿದಿದ್ದೀರಿ ಎನ್ನುವುದು ಅನ್ಯಾಯ. ಜೊತೆಗೂಡಿ ಬದಲಾಗಬೇಕಾದ ನಾಲ್ಕಾರು ತಂತ್ರಾಂಶಗಳ ಸರಪಳಿಯಲ್ಲಿ ಅವರು ಸಿಕ್ಕಿಕೊಂಡಿದ್ದಾರೆ.

ಇನ್ನು ಏರಿಸುವ, ಇಳಿಸುವ ಕೆಲಸ ಮಾಡುವ ಪರಿವರ್ತಕದ ಕಷ್ಟ ನೋಡಿ. ‘ಸಂಯಮ’ ಎಂಬ ಪದ ತೆಗೆದುಕೊಳ್ಳೋಣ. ನುಡಿಯ ಕ್ರಮದಲ್ಲಿ ಸೊನ್ನೆಗೆ ಇಂಗ್ಲಿಷಿನ ದೊಡ್ಡ ‘ಎ’. ಯಕಾರಕ್ಕೆ ಸ್ವಂತ ಒಡಲಿಲ್ಲ. ಅದನ್ನು ನಾಲ್ಕು ತುಂಡು ಸೇರಿಸಿ ಕಟ್ಟುತ್ತಾರೆ, ಅದರಲ್ಲಿ ಮೊದಲ ತುಂಡೂ ಅದೇ ಸೊನ್ನೆಯಾಕಾರ, ಅಂದರೆ ಅದೇ ದೊಡ್ಡ ‘ಎ’. ಹಾಗಾಗಿ ‘ಸಂಯಮ’ದಲ್ಲಿ ಎರಡು ‘ಎ’ ಒಂದರ ಪಕ್ಕ ಒಂದು ಬರುತ್ತವೆ. ಮೊದಲನೆಯದು ಅನುಸ್ವಾರ, ಎರಡನೆಯದು ಯಕಾರದ ಎಡಭಾಗ. ಮುಂದಿನ ತುಂಡುಗಳನ್ನು ನೋಡದೆ ಪರಿವರ್ತಕಕ್ಕೆ ಇದು ತಿಳಿಯದು. ‘ಸೂರ್ಯ’ದಲ್ಲಿ ಇನ್ನೊಂದು ಬಗೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ: ಮೊದಲು ರಕಾರ, ಆಮೇಲೆ ಯಕಾರ. ಹಳೆಯ ಕ್ರಮ ಕಣ್ಣಿಗೆ ಕಾಣುವಂತೆ ಇಡುತ್ತದೆ: ಮೊದಲು ಯಕಾರ, ಆಮೇಲೆ ಅರ್ಕಾವೊತ್ತು. ಪರಿವರ್ತಕ ಅರ್ಕಾವೊತ್ತನ್ನು ಹಿಡಿದು ಹಿಂದಕ್ಕೆ ಒಯ್ದು ಕೂರಿಸಬೇಕು. ‘ಆರ್ದ್ರ’ದಂಥ ಪದದಲ್ಲಿ ಒತ್ತನ್ನೂ ದಾಟಿ ಹಿಂದಕ್ಕೆ ಹೋಗಬೇಕು. ‘ರ‍್ಯಾಂಕ್’ ಎಂದು ಬರೆಯಲು ಯೂನಿಕೋಡಿನಲ್ಲಿ ರಕಾರದ ಜೊತೆ ಕಣ್ಣಿಗೆ ಕಾಣದ ಒಂದು ಕೊಂಡಿ ಸೇರಿಸಬೇಕು. ಸೇರಿಸದಿದ್ದರೆ ರಕಾರ ಅರ್ಕಾವೊತ್ತಾಗಿ ಮುಂದಕ್ಕೆ ಹಾರುತ್ತದೆ. ಇವೆಲ್ಲ ಹೋಗಲಿ, ಕನ್ನಡದ ನಡುವೆ ನಿಜವಾದ ಇಂಗ್ಲಿಷ್ ಪದವೊಂದು ಬಂದರೆ? ಫಾಂಟಿನ ಹೆಸರು ಕಳಚಿಹೋದ ಬರಿಯ ಪಠ್ಯದಲ್ಲಿ ಇಂಗ್ಲಿಷಿನ ‘ಪಿ’ ಯಾವುದು, ಕಕಾರದ ‘ಪಿ’ ಯಾವುದು ಎಂದು ಹೇಳುವ ಗುರುತೇ ಉಳಿದಿರುವುದಿಲ್ಲ. ವಿಳಾಸಗಳು, ಔಷಧಿಯ ಹೆಸರುಗಳು, ವೈಜ್ಞಾನಿಕ ಪದಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ.

ಪ್ರತಿಯೊಂದು ತೊಡಕಿಗೂ ಪರಿವರ್ತಕದಲ್ಲಿ ಒಂದೊಂದು ವಿಶೇಷ ನಿಯಮ ಸೇರುತ್ತಾ ಹೋಗುತ್ತದೆ. ಲೇಮನ್ನರ ಎರಡನೇ ನಿಯಮ ಕಣ್ಣೆದುರೇ ನಡೆಯುತ್ತದೆ. ‘ಆರ್ದ್ರ’ ಸರಿಪಡಿಸಿದ ಕೈ ‘ಸೂರ್ಯ’ವನ್ನು ಕೆಡಿಸಬಹುದು. ಒಎಸ್/360 ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ, ಒಂದು ತಪ್ಪು ತಿದ್ದುವಾಗ ಹೊಸದೊಂದು ತಪ್ಪು ಹುಟ್ಟುವ ಸಾಧ್ಯತೆ ಶೇ. 20ರಿಂದ 50 ಎಂದು ಬರೆದಿದ್ದಾರೆ. ಅದಕ್ಕಾಗಿಯೇ ತಿದ್ದಿದ ಮೇಲೆ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಓಡಿಸಬೇಕು ಎಂಬ ಕಟ್ಟಪ್ಪಣೆ ಈ ವೃತ್ತಿಯಲ್ಲಿ ಬಂದದ್ದು. ಕನ್ನಡಕ್ಕೆ ಅಂಥ ಒಂದು ಸಾರ್ವಜನಿಕ ಪರೀಕ್ಷಾಪಟ್ಟಿ ಬೇಕು. ಕಷ್ಟದ ಪದಗಳನ್ನು ಹುಡುಕಿ ಹುಡುಕಿ ಪೋಣಿಸಿದ ಪಟ್ಟಿ. ಹಳಗನ್ನಡದ ಅಕ್ಷರಗಳು, ವೇದದ ಸ್ವರಚಿಹ್ನೆಗಳು, ತುಳು, ಕೊಂಕಣಿ, ಕೊಡವ ತಕ್ಕ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಬರುವ ಜೋಡಣೆಗಳು. ಕೀಲಿಮಣೆ ಮಾಡುವವರು, ಫಾಂಟು ಮಾಡುವವರು, ಪರಿವರ್ತಕ ಬರೆಯುವವರು ಯಾರೇ ಆಗಲಿ, ಬಿಡುಗಡೆಗೆ ಮುಂಚೆ ಈ ಪಟ್ಟಿಯ ಮೇಲೆ ತಮ್ಮ ತಂತ್ರಾಂಶವನ್ನು ಓಡಿಸಿ ತೋರಿಸಬೇಕು. ಇದಕ್ಕೆ ಕೋಟಿಗಳು ಬೇಡ. ಭಾಷೆ ಬಲ್ಲವರು ನಾಲ್ಕು ಜನ, ಪ್ರೋಗ್ರಾಮು ಬಲ್ಲವರು ಇಬ್ಬರು ಕೂತರೆ ಆಗುವ ಕೆಲಸ. ಮಲ್ಲೇಶ್ವರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಚಾಮರಾಜಪೇಟೆಯಲ್ಲಿ 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಎರಡೂ ಕಡೆಯವರು ಒಂದು ಮೇಜಿನ ಸುತ್ತ ಕೂರಲು ದೂರದ ಪಯಣವೇನೂ ಬೇಕಾಗಿಲ್ಲ.

ತಂತ್ರಾಂಶ ಎಂದರೆ ಬರೆದ ಸಾಲುಗಳಷ್ಟೇ ಅಲ್ಲ ಎಂದು ಡೆನ್ಮಾರ್ಕಿನ ಪೀಟರ್ ನೌರ್ 1985ರಲ್ಲಿ ಒಂದು ಪ್ರಬಂಧ ಬರೆದರು. ಅದನ್ನು ಯಾಕೆ ಹಾಗೆ ಬರೆದಿದೆ, ಎಲ್ಲಿ ಕೈ ಹಾಕಿದರೆ ಏನು ಅಲುಗುತ್ತದೆ ಎಂಬ ತಿಳಿವಳಿಕೆ ಬರೆದವರ ತಲೆಯಲ್ಲಿರುತ್ತದೆ. ಅವರು ಚದುರಿಹೋದರೆ ಸಾಲುಗಳು ಉಳಿದರೂ ತಂತ್ರಾಂಶ ಸತ್ತಂತೆಯೇ ಎಂಬುದು ಅವರ ವಾದ. ಕನ್ನಡ ಗಣಕೀಕರಣದ ಮೊದಲ ತಲೆಮಾರಿನವರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಯಾವ ತುಂಡನ್ನು ಯಾವ ಮನೆಯಲ್ಲಿ ಯಾಕೆ ಕೂರಿಸಿದರು, ಯಾವ ಪ್ರಿಂಟರಿನ ಮಿತಿಗಾಗಿ ಯಾವ ಹೊಂದಾಣಿಕೆ ಮಾಡಿಕೊಂಡರು — ಇದೆಲ್ಲ ಅವರ ನೆನಪಿನಲ್ಲಿದೆ. ಮೂವತ್ತು ವರ್ಷ ಪುಟ ಕಟ್ಟಿದ ಆಪರೇಟರುಗಳ ಕೈಯಲ್ಲೂ ಅಂಥದೇ ವಿದ್ಯೆ ಇದೆ. ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡುವುದು ಸಂಶೋಧನೆಯೇ. ಒಂದೆರಡು ಪಿಎಚ್‌ಡಿಗಳಿಗೆ ಆಗುವಷ್ಟು ಸಾಮಗ್ರಿ ಅದು. ಸಾರ್ವಜನಿಕ ಹಣದಲ್ಲಿ ಬರೆಸಿದ ತಂತ್ರಾಂಶದ ಮೂಲ ಸಾಲುಗಳು ಎಲ್ಲರಿಗೂ ತೆರೆದಿರಬೇಕು ಎನ್ನುವುದಕ್ಕೂ ನೌರ್ ಅವರ ವಾದವೇ ಬೆಂಬಲ. ತೆರೆದಿದ್ದರೆ ಆ ತಿಳಿವಳಿಕೆ ಒಂದೇ ತಲೆಯಲ್ಲಿ ಉಳಿಯದೆ ಹಲವರಿಗೆ ಹಬ್ಬುತ್ತದೆ. ಅರವಿಂದ ವಿ.ಕೆ. ಅವರು ಬರೆದು ಮುಕ್ತವಾಗಿ ಬಿಟ್ಟ ಹಳೆಯ ಕ್ರಮದಿಂದ ಯೂನಿಕೋಡಿಗೆ ಏರಿಸುವ ಪರಿವರ್ತಕ ಇದಕ್ಕೆ ಒಳ್ಳೆಯ ಉದಾಹರಣೆ. ಬೇರೆಯವರು ಅದನ್ನು ಓದಬಹುದು, ತಿದ್ದಬಹುದು, ತಮ್ಮ ಕೆಲಸಕ್ಕೆ ಒಗ್ಗಿಸಿಕೊಳ್ಳಬಹುದು.

ಒಳ್ಳೆಯ ನಿರ್ವಹಣೆ ಹೇಗಿರುತ್ತದೆ ಎಂದು ತೋರಿಸಲು ಯೂನಿಕೋಡನ್ನೇ ಎತ್ತಿ ಹೇಳಬಹುದು. ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಎಲ್ಲವೂ ಇರಲಿಲ್ಲ. 2003ರ ಆವೃತ್ತಿಯಲ್ಲಿ ಅವಗ್ರಹವೂ, ಅಕ್ಷರದ ಕೆಳಗೆ ಇಡುವ ನುಕ್ತೆಯೂ ಸೇರಿದವು. ಇನ್ನೂ ಕೆಲವು ಚಿಹ್ನೆಗಳು 2006ರಲ್ಲಿ ಬಂದವು. ಸೇರಿಸುವುದು ನಡೆದೇ ಇದೆ. ಆದರೆ ಒಮ್ಮೆ ಒಂದು ಅಕ್ಷರಕ್ಕೆ ಮನೆ ಕೊಟ್ಟರೆ ಅದನ್ನು ಕಿತ್ತುಹಾಕುವಂತಿಲ್ಲ, ಬೇರೆಡೆಗೆ ಸರಿಸುವಂತಿಲ್ಲ, ಇಟ್ಟ ಹೆಸರನ್ನೂ ಬದಲಿಸುವಂತಿಲ್ಲ ಎಂಬ ಕಟ್ಟುನಿಟ್ಟು ಅಲ್ಲಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’. ತಪ್ಪು ಹೆಸರು. ಪಂಪ ರನ್ನರನ್ನು ಓದಿದ ಯಾರಿಗೂ ಅದು ಒಪ್ಪಿಗೆಯಾಗುವುದಿಲ್ಲ. ತಪ್ಪು ಗೊತ್ತಾದ ಮೇಲೂ ಹೆಸರು ಅಳಿಸಲಿಲ್ಲ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ದಾಖಲಿಸಿದರು. ಯಾಕೆಂದರೆ ಜಗತ್ತಿನಲ್ಲಿ ಎಲ್ಲೋ ಒಂದು ಪ್ರೋಗ್ರಾಮು ಆ ಹಳೆಯ ಹೆಸರನ್ನು ನಂಬಿಕೊಂಡಿರಬಹುದು. ಬಳಸುವವರ ನಿನ್ನೆಯ ಕೆಲಸ ನಾಳೆಯೂ ತೆರೆಯಬೇಕು ಎಂಬ ಈ ಹಟ ನನಗೆ ಬಹಳ ಮೆಚ್ಚುಗೆಯಾದದ್ದು. ಕನ್ನಡದ ಹಳೆಯ ಫೈಲುಗಳ ಬಗ್ಗೆ ನಾವೂ ಇಂಥ ಹಟ ತೊಡಬೇಕಿದೆ. ಇಪ್ಪತ್ತು ಇಪ್ಪತ್ತೈದು ವರ್ಷಗಳ ಕನ್ನಡ ಪುಸ್ತಕಗಳ ಮೂಲ ಫೈಲುಗಳು ಸಿಡಿಗಳಲ್ಲಿ, ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ, ಅಂಗಡಿಗಳ ಅಟ್ಟದ ಮೇಲೆ ಬಿದ್ದಿವೆ. ಅವನ್ನು ತೆರೆಯಬಲ್ಲ ಹಳೆಯ ಯಂತ್ರಗಳಲ್ಲಿರುವ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಬೆಂಬಲ ನಿಲ್ಲಿಸಿತು. ಆ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ಸರ್ಕಾರ ಮುಂದಿನ ಸಲ ಕನ್ನಡ ತಂತ್ರಾಂಶಕ್ಕೆ ಹಣ ಇಡುವಾಗ ಹೊಸದೊಂದರ ಬಿಡುಗಡೆಗೆ ಇಡುವಷ್ಟೇ ಹಣವನ್ನು ಇದ್ದದ್ದನ್ನು ಹತ್ತು ವರ್ಷ ನೋಡಿಕೊಳ್ಳುವುದಕ್ಕೂ ಇಡಲಿ. ಒಂದು ಸಣ್ಣ ಖಾಯಂ ತಂಡ, ಯಾರು ಬೇಕಾದರೂ ದೂರು ದಾಖಲಿಸಬಹುದಾದ ಒಂದು ತೆರೆದ ಪಟ್ಟಿ, ವರ್ಷಕ್ಕೆರಡು ಸಣ್ಣ ಆವೃತ್ತಿ, ಆ ಪರೀಕ್ಷಾಪಟ್ಟಿ. ಡಿಟಿಪಿ ಅಂಗಡಿಗಳು ಹೊಸ ಕ್ರಮಕ್ಕೆ ದಾಟಲು ತರಬೇತಿ ಮತ್ತು ಒಳ್ಳೆಯ ಉಚಿತ ಯೂನಿಕೋಡ್ ಫಾಂಟುಗಳು.

ಅಲ್ಲಿಯ ತನಕ, ಹಳೆಯ ಫೈಲುಗಳನ್ನು ಇಟ್ಟುಕೊಂಡಿರುವ ಲೇಖಕರು, ಪ್ರಕಾಶಕರು, ಮಠ ಮತ್ತು ಸಂಘಗಳವರು ತಾವೇ ಮಾಡಬಹುದಾದ ಕೆಲವು ಕೆಲಸಗಳಿವೆ. ಯೂನಿಕೋಡಿಗೆ ಏರಿಸಿದ ಮೇಲೆ ಮೂಲ ಫೈಲನ್ನು ಅಳಿಸಬೇಡಿ. ಇಂದಿನ ಪರಿವರ್ತಕ ತಪ್ಪಿಸಿದ್ದನ್ನು ನಾಳಿನದು ಹಿಡಿಯಬಹುದು. ಆ ಫೈಲು ಯಾವ ತಂತ್ರಾಂಶದ ಯಾವ ಆವೃತ್ತಿಯದು, ಯಾವ ಫಾಂಟು ಎಂದು ಒಂದು ಸಾಲು ಬರೆದು ಜೊತೆಗೆ ಇಡಿ. ಆ ಫಾಂಟಿನ ಫೈಲನ್ನೂ ಅದೇ ಫೋಲ್ಡರಿಗೆ ಹಾಕಿ. ಫಾಂಟು ಒಳಗೊಂಡ ಪಿಡಿಎಫ್ ಒಂದನ್ನು ಮಾಡಿಸಿಡಿ, ಹುಡುಕಲು ಬಾರದಿದ್ದರೂ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಪ್ರೂಫ್ ನೋಡುವಾಗ ತಾಳೆ ಹಾಕಲು ಬೇಕಾಗುತ್ತದೆ. ಏರಿಸಿದ ಪಠ್ಯವನ್ನು ಒಮ್ಮೆ ಪೂರ್ತಿ ಓದಿ, ಮೊದಲು ಅರ್ಕಾವೊತ್ತಿನ ಪದಗಳನ್ನು, ಆಮೇಲೆ ಇಂಗ್ಲಿಷ್ ಹೆಸರುಗಳಿದ್ದ ಜಾಗಗಳನ್ನು. ತಪ್ಪು ಸಿಕ್ಕರೆ ನಿಮ್ಮ ಪ್ರತಿಯಲ್ಲಿ ಮಾತ್ರ ತಿದ್ದಿ ಸುಮ್ಮನಾಗಬೇಡಿ. ತಪ್ಪಾದ ಪದ, ಹಳೆಯ ಫೈಲಿನ ಆ ಸಾಲು, ಫಾಂಟಿನ ಹೆಸರು — ಈ ಮೂರನ್ನೂ ಪರಿವರ್ತಕವನ್ನು ನೋಡಿಕೊಳ್ಳುತ್ತಿರುವವರಿಗೆ ಕಳಿಸಿ.